ಪುಸ್ತಕದಲ್ಲಿ ಇಲ್ಲದ ಮಾತು

ಜನವರಿ 12

ಪುಟ್ಟೂ,

ಇಷ್ಟು ವರ್ಷದ ಮೇಲೆ ಇದೇನು ಬಂತಪ್ಪ ಅಂತ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಕೈಬರಹ ಸರಿಯಾಗಿಯೇ ಗುರುತಿಸಿದ್ದೀಯ. ನಾನೇ.

ನಿನ್ನ ವಿಳಾಸ ಸಿಕ್ಕಿದ್ದು ನಿನ್ನ ಅತ್ತಿಗೆಯ ಹೊಲಿಗೆ ಡಬ್ಬಿಯಲ್ಲಿ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಅಂಗಿಯ ಕಿತ್ತುಹೋದ ಗುಂಡಿ ಹೊಲಿದುಕೊಳ್ಳೋಣ ಅಂತ ಮೊನ್ನೆ ಮೊದಲ ಸಲ ಆ ಡಬ್ಬಿ ತೆಗೆದೆ. ದಾರದ ಉಂಡೆಗಳ ಕೆಳಗೆ ನಿನ್ನ ಅಕ್ಷರದ ಕಾರ್ಡುಗಳ ಕಟ್ಟು ಇತ್ತು. ಮೇಲಿನದರಿಂದ ವಿಳಾಸವನ್ನಷ್ಟೇ ಬರೆದುಕೊಂಡು ಇದ್ದಲ್ಲೇ ಇಟ್ಟೆ. ಓದಲಿಲ್ಲ. ನೀನು ಆ ಆಸ್ಪತ್ರೆಯಿಂದ ಎಂದೋ ಹೊರಬಿದ್ದು ಬೇರೆ ಎಲ್ಲೋ ಇದ್ದೀಯ ಅಂದುಕೊಂಡಿದ್ದೆ. ನೋಡಿದರೆ ಅದೇ ಆಸ್ಪತ್ರೆ, ಲಾಂಡ್ರಿ ವಿಭಾಗ.

ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡು ವರ್ಷದ ಮೇಲೆ ನಮ್ಮ ನಾಟಕ ಮಂಡಳಿ ಮತ್ತೆ ನನ್ನ ‘ಬಾಡಿಗೆ ಕೋಣೆ’ಯನ್ನು ಆಡಿಸುತ್ತಿದೆ. ನನಗೀಗ ಅರವತ್ತೊಂಬತ್ತು. ಮಂಡಿ ಮೆಟ್ಟಿಲು ಕಂಡರೆ ಒಲ್ಲೆ ಅನ್ನುತ್ತದೆ. ಇದೇ ನನ್ನ ಕೊನೆಯ ನಾಟಕ ಅಂತ ಸಮಿತಿಗೆ ಹೇಳಿಬಿಟ್ಟಿದ್ದೇನೆ.

ತೊಂದರೆ ಇರುವುದು ಬಾಡಿಗೆದಾರನ ಪಾತ್ರಕ್ಕೆ. ಇದುವರೆಗೆ ಹನ್ನೊಂದು ಜನ ಬಂದು ಓದಿದರು. ಕೆಲಸ ಕಳೆದುಕೊಂಡು ಒಂದೇ ಕೋಣೆಯಲ್ಲಿ ಒಬ್ಬನೇ ಕೂತು ನಿಧಾನವಾಗಿ ಮನಸ್ಸು ಕೆಡಿಸಿಕೊಳ್ಳುವ ಮನುಷ್ಯ ಅಂದರೆ ಇವರಿಗೆ ಗೊತ್ತಿರುವುದು ಎರಡೇ: ಕಣ್ಣು ಹೊರಳಿಸುವುದು, ಕೂದಲು ಕೆದರುವುದು. ಒಬ್ಬನಂತೂ ಕೈಯಲ್ಲಿದ್ದ ಸ್ಕ್ರಿಪ್ಟಿನ ಹಾಳೆಯನ್ನೇ ಅಗಿದ. ‘ಯಾಕಪ್ಪಾ?’ ಅಂದರೆ ‘ಸಹಜವಾಗಿ ಬಂತು ಸಾರ್’ ಅಂದ. ಕಡೆಯ ದೃಶ್ಯದಲ್ಲಿ ‘ಅಣ್ಣಾ, ನನ್ನನ್ನ ಮನೆಗೆ ಕರ್ಕೊಂಡು ಹೋಗು’ ಅನ್ನುವ ಮಾತು ಬಂತೆಂದರೆ ಮುಗಿಯಿತು, ಎಲ್ಲರೂ ಎದೆಗೆ ಕೈಯಿಟ್ಟು ಸೂರು ಹಾರುವ ಹಾಗೆ ಕೂಗುತ್ತಾರೆ.

ನೀನು ಆ ಪಾತ್ರ ಮಾಡುವಾಗ ನಿನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಏನೇನೋ ಬರೆದುಕೊಳ್ಳುತ್ತಿದ್ದೆ. ಆ ಪ್ರತಿ ನಿನ್ನ ಹತ್ತಿರ ಇದ್ದರೆ ಕಳಿಸು. ನೋಡಿ ಜೋಪಾನವಾಗಿ ಹಿಂದಿರುಗಿಸುತ್ತೇನೆ.

ಇತಿ,
ನಿರ್ದೇಶಕ
(ಮಂಡಳಿಯ ಪರವಾಗಿ)


ಜನವರಿ 30

ನಿರ್ದೇಶಕರಿಗೆ,

ಮಂಡಳಿಯ ಮುದ್ರೆ ಇರುವ ಕಾಗದದಲ್ಲಿ ಬರೆದಿದ್ದೀರಿ. ಆದ್ದರಿಂದ ನಾನೂ ಬಹುವಚನದಲ್ಲೇ ಬರೆಯುತ್ತೇನೆ. ತಮ್ಮ ಪತ್ರ ತಲುಪಿತು.

ಆ ಪ್ರತಿ ನನ್ನ ಹತ್ತಿರ ಇಲ್ಲ. ಇಲ್ಲಿಗೆ ಬಂದಾಗ ಬೆಲ್ಟು, ಬೂಟಿನ ದಾರ, ಪೆನ್ಸಿಲ್ ಎಲ್ಲವನ್ನೂ ತೆಗೆದಿಟ್ಟುಕೊಂಡರು. ಪುಸ್ತಕವೂ ಅದರ ಜೊತೆ ಹೋಯಿತು. ಹದಿನಾಲ್ಕು ತಿಂಗಳ ಮೇಲೆ ಬಿಡುವಾಗ ಬೆಲ್ಟು ಕೊಟ್ಟರು, ಪುಸ್ತಕ ಸಿಗಲಿಲ್ಲ. ಬೆಲ್ಟು ಹಾಕಿಕೊಂಡು ಗೇಟಿನವರೆಗೆ ಹೋದೆ. ಅಲ್ಲಿಂದ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯಲಿಲ್ಲ. ವಾಪಸ್ ಬಂದು ಲಾಂಡ್ರಿಯಲ್ಲಿ ಕೆಲಸ ಇದೆಯಾ ಅಂತ ಕೇಳಿದೆ. ಇತ್ತು.

ಈಗ ನಾನು ಇಸ್ತ್ರಿ ಮೆಷಿನ್ನಿನವನು. ಒದ್ದೆ ಹಾಸುಬಟ್ಟೆಯ ಎರಡು ತುದಿ ಹಿಡಿದು ಬಿಸಿ ರೋಲರಿಗೆ ಕೊಡುವುದು ನನ್ನ ಕೆಲಸ. ಆ ಕಡೆ ಒಬ್ಬಾಕೆ ನಿಂತು ಮಡಿಸುತ್ತಾಳೆ. ಅವಳಿಗೆ ಕಿವಿ ಕೇಳುವುದಿಲ್ಲ, ಮೆಷಿನ್ನಿನ ಸದ್ದಿಗೆ ನನಗೂ ಕೇಳುವುದಿಲ್ಲ. ಒಬ್ಬರಿಗೊಬ್ಬರು ಚೆನ್ನಾಗಿ ಹೊಂದಿಕೊಂಡಿದ್ದೇವೆ.

ಅತ್ತಿಗೆ ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಅದು ನಿಂತಿತು. ಮೂರು ತಿಂಗಳು ಕಾದೆ. ನಾಲ್ಕನೇ ತಿಂಗಳು ನಾನೇ ಅರ್ಥ ಮಾಡಿಕೊಂಡು ಒಂದು ದಿನ ರಜೆ ಕೇಳಿದೆ. ‘ಯಾಕೆ?’ ಅಂದರು. ‘ನಮ್ಮತ್ತಿಗೆ ಹೋಗ್ಬಿಟ್ರು’ ಅಂದೆ. ‘ಯಾವಾಗ?’ ಅಂದರು. ‘ಗೊತ್ತಿಲ್ಲ’ ಅಂದೆ. ರಜೆ ಕೊಡಲಿಲ್ಲ. ತಾವು ಒಂದು ಸಾಲು ಬರೆದಿದ್ದರೆ ತಾರೀಖಾದರೂ ಹೇಳಬಹುದಿತ್ತು.

ಒಂದು ಅನುಮಾನ. ಕಡೆಯ ದೃಶ್ಯದ ಯಾವುದೋ ಮಾತನ್ನು ಎಲ್ಲರೂ ಕೂಗುತ್ತಾರೆ ಅಂತ ಬರೆದಿದ್ದೀರಿ. ನಾನು ಬಾಯಿಪಾಠ ಮಾಡಿದ ನಾಟಕದಲ್ಲಿ ಅಂಥ ಮಾತು ಇರಲಿಲ್ಲ. ಬಾಡಿಗೆದಾರನಿಗೆ ಅಣ್ಣನೂ ಇರಲಿಲ್ಲ. ‘ನನಗೆ ಹಿಂದಿಲ್ಲ ಮುಂದಿಲ್ಲ, ಒಬ್ಬನೇ ಹುಟ್ಟಿದವನು’ ಅಂತ ಮೊದಲ ಅಂಕದಲ್ಲೇ ಅನ್ನುತ್ತಾನೆ. ಆ ಮಾತನ್ನು ಬರೆದವರು ಯಾರು?

ಇತಿ,
ಇಸ್ತ್ರಿ ಮೆಷಿನ್ನಿನವನು


ಫೆಬ್ರವರಿ 11

ಪುಟ್ಟೂ,

ಬಹುವಚನದಲ್ಲಿ ಚೆನ್ನಾಗಿ ತಿವಿದಿದ್ದೀಯ. ನಾಲಿಗೆಗೆ ಇನ್ನೂ ತುಕ್ಕು ಹಿಡಿದಿಲ್ಲ ಅಂತ ಸಂತೋಷವಾಯಿತು. ಅತ್ತಿಗೆಯ ವಿಷಯ ನಿನಗೆ ತಿಳಿಸದೆ ಇದ್ದದ್ದು ತಪ್ಪು. ಅವಳು ಹೋದದ್ದು ನವೆಂಬರ್ ಆರನೇ ತಾರೀಖು, ಬೆಳಗ್ಗೆ ಹತ್ತು ಗಂಟೆಗೆ. ನಾನು ತಾಲೀಮಿನಲ್ಲಿದ್ದೆ.

ಆ ಮಾತನ್ನು ಬರೆದವರು ಯಾರು ಅಂತ ಕೇಳುತ್ತೀಯಲ್ಲ, ಮರೆತೇ ಹೋಯಿತೇ? ಅದು ನಿನ್ನದೇ. ಮೂವತ್ತೊಂದನೇ ಪ್ರಯೋಗ. ಬಾಡಿಗೆದಾರ ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿ, ಬಿಚ್ಚಿ, ಮತ್ತೆ ತಪ್ಪಾಗಿ ಹಾಕುತ್ತಾನಲ್ಲ, ಅಲ್ಲಿ ನೀನು ತಟಕ್ಕನೆ ಕೈ ನಿಲ್ಲಿಸಿ ಜನರಿಗೆ ಕಾಣದ ಎಡಗಡೆ ಸೈಡ್ ವಿಂಗಿನ ಕಡೆ ತಿರುಗಿ ಆ ಮಾತು ಹೇಳಿದೆ. ಆಗ ಬಿದ್ದಂಥ ಚಪ್ಪಾಳೆ ನನ್ನ ಜನ್ಮದಲ್ಲೇ ಕೇಳಿಲ್ಲ. ಮಾರನೇ ದಿನವೇ ಅದನ್ನು ಸ್ಕ್ರಿಪ್ಟಿಗೆ ಸೇರಿಸಿದೆ. ನಾಟಕ ಅಚ್ಚಾದಾಗ ಮುನ್ನುಡಿಯಲ್ಲೂ ಹೇಳಿದ್ದೇನೆ, ‘ಆಗ ಮಂಡಳಿಯಲ್ಲಿದ್ದ ನಟರೊಬ್ಬರ ಸ್ಫೂರ್ತಿಯಿಂದ ಬಂದ ಮಾತು’ ಅಂತ.

ಆ ‘ಅಣ್ಣ’ ಯಾರು ಅನ್ನುವುದರ ಮೇಲೆ ಕಾಲೇಜಿನವರು ಪ್ರಬಂಧ ಬರೆಯುತ್ತಾರೆ, ಗೊತ್ತಾ? ದೇವರು ಅಂತ ಒಬ್ಬ, ಸಮಾಜ ಅಂತ ಇನ್ನೊಬ್ಬ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ‘ಒಂಟಿಯಾದವನಿಗೆ ಎದುರಿಗೆ ಸಿಕ್ಕವರೆಲ್ಲ ಅಣ್ಣನೇ’ ಅಂತ ನಾನೇ ಒಂದು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಇರಲಿ. ಈಗ ಇಬ್ಬರು ಉಳಿದಿದ್ದಾರೆ. ಒಬ್ಬ ವಿಮೆ ಏಜೆಂಟ್. ಅಚ್ಚುಕಟ್ಟು ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ಎಲ್ಲ ಸರಿ, ಆದರೆ ಉಪ್ಪಿಲ್ಲ. ಇನ್ನೊಬ್ಬ ಅಂಗಡಿಗಳಿಗೆ ಬೋರ್ಡ್ ಬರೆಯುವವನು, ನಲವತ್ತರ ಆಸುಪಾಸು. ಅವನು ಓದುವಾಗ ಕೈ ನಿಜವಾಗಿ ನಡುಗುತ್ತದೆ ಪುಟ್ಟೂ. ದನಿ ಎಲ್ಲಿಂದಲೋ ಬರುತ್ತದೆ. ಆ ಮಾತನ್ನು ಅವನು ಕೂಗಲಿಲ್ಲ, ನೀರು ಕೇಳುವ ಹಾಗೆ ಕೇಳಿದ. ಸಮಿತಿಯವರೆಲ್ಲ ಕಣ್ಣೊರೆಸಿಕೊಂಡರು. ನಿನ್ನ ಕಾಲದಿಂದಲೂ ಪುಸ್ತಕ ಹಿಡಿದು ಮಾತು ನೆನಪಿಸುವ ನಮ್ಮ ಪ್ರಾಂಪ್ಟರ್ ಅಕ್ಕ ಮಾತ್ರ ಪುಸ್ತಕ ಮುಚ್ಚಿ ಹೊರಗೆ ಹೋದಳು. ಅವಳಿಗೆ ಎಪ್ಪತ್ತೈದು, ಸಿಡುಕು ಜಾಸ್ತಿಯಾಗಿದೆ.

ನನ್ನ ಮನಸ್ಸು ಬೋರ್ಡ್ ಬರೆಯುವವನ ಕಡೆಗೇ ಇದೆ. ಆ ಪಾತ್ರವನ್ನು ಒಳಗಿನಿಂದ ಕಂಡವನು ನೀನೊಬ್ಬನೇ. ನೀನು ಏನು ಹೇಳುತ್ತೀಯ?

ಇತಿ,
ಅಣ್ಣ


ಫೆಬ್ರವರಿ 28

ಬಹುವಚನ ಸಾಕು, ಬರೆದು ಬರೆದು ಕೈ ನೋಯುತ್ತದೆ.

ನಾನು ಮರೆತಿಲ್ಲ. ನೀನು ಏನಂತ ಬರೆಯುತ್ತೀಯೋ ನೋಡೋಣ ಅಂತ ಕೇಳಿದೆ, ಅಷ್ಟೆ.

ಮೂವತ್ತೊಂದನೇ ಪ್ರಯೋಗದ ದಿನಕ್ಕೆ ನಾನು ನಿದ್ದೆ ಮಾಡದೆ ಆರು ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳೋಣ ಅಂತ ಎರಡು ಸಲ ಬಂದೆ. ಒಂದು ಸಲ ನೀನು ಲೈಟಿನವನ ಜೊತೆ ಜಗಳವಾಡುತ್ತಿದ್ದೆ. ಇನ್ನೊಂದು ಸಲ ‘ಏನ್ರೀ?’ ಅಂದೆ. ಹಾಲ್‌ನೊಳಗೆ ನಮ್ಮಿಬ್ಬರಿಗೆ ನೀನು ಮಾಡಿದ್ದ ಕಟ್ಟಳೆ ಅದು. ಬಾಗಿಲು ದಾಟಿದ ಮೇಲೆ ಅಣ್ಣ ಇಲ್ಲ, ತಮ್ಮ ಇಲ್ಲ. ನೀನು ‘ಸಾರ್’, ನಾನು ‘ನೀವು’. ಮನೆಯವನಿಗೇ ಒಳ್ಳೆಯ ಪಾತ್ರ ಕೊಡುತ್ತಾನೆ ಅಂತ ಯಾರೂ ಆಡಿಕೊಳ್ಳಬಾರದು ಅಂತ. ನನಗೂ ಅದು ಸರಿ ಅನ್ನಿಸಿತ್ತು. ಹದಿನಾಲ್ಕು ವರ್ಷ ಒಂದು ದಿನವೂ ತಪ್ಪಲಿಲ್ಲ. ‘ಏನಿಲ್ಲ ಸಾರ್’ ಅಂದು ಹೋದೆ.

ಆವತ್ತು ಗುಂಡಿ ಹಾಕುತ್ತಿದ್ದಾಗ ಅದು ನನ್ನ ಅಂಗಿಯೋ ಬಾಡಿಗೆದಾರನ ಅಂಗಿಯೋ ತಿಳಿಯದೆ ಹೋಯಿತು. ತಲೆ ಎತ್ತಿದೆ. ಎಡಗಡೆ ವಿಂಗಿನಲ್ಲಿ ನೀನು ಕೈಕಟ್ಟಿಕೊಂಡು ನಿಂತಿದ್ದೆ. ನಾನು ದೇವರಿಗೂ ಹೇಳಲಿಲ್ಲ, ಸಮಾಜಕ್ಕೂ ಹೇಳಲಿಲ್ಲ. ನಿನಗೆ ಹೇಳಿದೆ. ಕಾಲೇಜಿನವರಿಗೆ ತಿಳಿಸು.

ಪರದೆ ಬಿದ್ದ ಮೇಲೆ ನೀನು ಓಡಿ ಬಂದೆ. ಅಣ್ಣ ಬಂದನಲ್ಲ ಅಂತ ಕೈ ಚಾಚಿದೆ. ನೀನು ಬೆನ್ನು ತಟ್ಟಿ, ‘ಅದ್ಭುತ ಕಣ್ರೀ, ಹಾಗೇ ಇರಲಿ’ ಅಂದೆ.

ಹಾಗೇ ಇತ್ತು. ಆಮೇಲೆ ಒಂಬತ್ತು ಪ್ರಯೋಗ ಆದವು. ಒಂಬತ್ತು ದಿನವೂ ನಾನು ಆ ಮಾತನ್ನು ಹೇಳಿದೆ. ನೀನು ಹೇಳಿಸಿದೆ ಅಂತ ಹೇಳಿದ್ದಲ್ಲ, ಇವತ್ತಾದರೂ ತಿಳಿಯುತ್ತದೇನೋ ಅಂತ ಹೇಳಿದ್ದು. ದಿನಾ ನೀನು ಅಲ್ಲೇ ನಿಂತಿರುತ್ತಿದ್ದೆ. ದಿನಾ ಚಪ್ಪಾಳೆ ಬೀಳುತ್ತಿತ್ತು. ಒಂಬತ್ತನೇ ದಿನ ಪರದೆ ಬಿದ್ದ ಮೇಲೆ ನಾನು ರಂಗದಿಂದ ಕೆಳಗಿಳಿಯಲಿಲ್ಲ. ಮುಂದಿನದು ನಿನಗೆ ಗೊತ್ತು. ನೀನೇ ಆಸ್ಪತ್ರೆಯ ಗಾಡಿಗೆ ಫೋನ್ ಮಾಡಿದವನು.

ನೀನು ನನ್ನ ಅಭಿಪ್ರಾಯ ಕೇಳಿದ್ದೀಯ. ಅದಕ್ಕೆ ಮೊದಲು ಒಂದು ಪ್ರಶ್ನೆ. ಆ ಬೋರ್ಡ್ ಬರೆಯುವವನು ಓದಿ ಮುಗಿಸಿದ ಮೇಲೆ ಏನು ಮಾಡಿದ?

ಇತಿ,
ಇಸ್ತ್ರಿ ಮೆಷಿನ್ನಿನವನು


ಏಪ್ರಿಲ್ 3

ಪುಟ್ಟೂ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದು ಐದನೆಯದು.

ನನಗೆ ಗೊತ್ತಿರಲಿಲ್ಲ. ನಾನೇನು ಡಾಕ್ಟರೇ? ನೀನು ಒಳ್ಳೆಯ ನಟ. ಒಳ್ಳೆಯ ನಟ ಹೊಸದಾಗಿ ಏನಾದರೂ ಮಾಡಿದರೆ ನಿರ್ದೇಶಕ ಏನಂದುಕೊಳ್ಳಬೇಕು? ಆರು ದಿನ ನಿದ್ದೆ ಇಲ್ಲ ಅಂತ ಬಾಯಿಬಿಟ್ಟು ಹೇಳಬಹುದಿತ್ತು. ಮನೆಗೆ ಬಂದು ಹೇಳಬಹುದಿತ್ತು. ಅಲ್ಲಿ ನಾನು ಅಣ್ಣನೇ ಆಗಿದ್ದೆನಲ್ಲ. ಎಲ್ಲವನ್ನೂ ತಂದು ನನ್ನ ತಲೆಗೇ ಕಟ್ಟಬೇಡ. ನೀನು ಹೋದ ಮೇಲೆ ಆ ನಾಟಕವನ್ನು ನಾನು ಇಪ್ಪತ್ತೆರಡು ವರ್ಷ ರಂಗಕ್ಕೆ ತರಲಿಲ್ಲ. ಅದೂ ಲೆಕ್ಕಕ್ಕಿಲ್ಲವೇ?

ಬೋರ್ಡ್ ಬರೆಯುವವನು ಓದಿದ ಮೇಲೆ ಏನು ಮಾಡಿದ ಅಂತ ನನಗೆ ತಿಳಿಯದು. ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ತಾಲೀಮು ಮೇ ತಿಂಗಳಲ್ಲಿ ಶುರು. ಸಮಿತಿ ಅವನನ್ನೇ ಒಪ್ಪಿದೆ. ನಾನೂ ಒಪ್ಪಿದ್ದೇನೆ. ಇಂಥವನು ಮತ್ತೆ ಸಿಗುವುದಿಲ್ಲ. ನನಗೂ ಇನ್ನೊಂದು ನಾಟಕವಿಲ್ಲ.

ಇತಿ,
ಅಣ್ಣ


ಏಪ್ರಿಲ್ 14

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನಗೆ ಗೊತ್ತಿತ್ತು ಅಂತ ನಾನು ಎಲ್ಲೂ ಬರೆದಿಲ್ಲ. ಬೇಕಾದರೆ ಇನ್ನೊಮ್ಮೆ ಓದು.

ಅವನನ್ನು ಇನ್ನೊಂದು ಸಲ ಕರೆಸು, ವಿಮೆಯವನನ್ನೂ ಕರೆಸು. ಇಬ್ಬರಿಂದಲೂ ಕಡೆಯ ದೃಶ್ಯ ಓದಿಸು. ಓದುವಾಗ ನೀನು ಬೇಕಾದರೆ ಕಿಟಕಿಯಾಚೆ ನೋಡುತ್ತಿರು. ಮುಗಿದ ಮೇಲೆ ಪೆನ್ನು ಕೆಳಗಿಟ್ಟು ಐದು ನಿಮಿಷ ಅವರನ್ನೇ ನೋಡು. ಪಾತ್ರದ ಒಳಗೆ ನಟ ಹೇಗೆ ಹೋಗುತ್ತಾನೆ ಅನ್ನುವುದಕ್ಕೆ ಚಪ್ಪಾಳೆ ತಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಹೊರಗೆ ಹೇಗೆ ಬರುತ್ತಾನೆ ಅಂತ ನೋಡುವುದು ನಿನ್ನ ಕೆಲಸವಾಗಿತ್ತು.

ಇತಿ,
ಇಸ್ತ್ರಿ ಮೆಷಿನ್ನಿನವನು


ಮೇ 9

ಪುಟ್ಟೂ,

ನೀನು ಹೇಳಿದ ಹಾಗೆ ಮಾಡಿದೆ.

ಮೊದಲು ವಿಮೆ ಏಜೆಂಟ್ ಓದಿದ. ಹೋದ ಸಲದ ಹಾಗೆಯೇ ಅಚ್ಚುಕಟ್ಟು. ಮುಗಿಸಿದವನೇ ‘ಸಾರ್, ಬಾತ್‌ರೂಮ್ ಎಲ್ಲಿದೆ?’ ಅಂದ. ಬಂದ ಮೇಲೆ ಕೈಯೊರೆಸಿಕೊಂಡು, ‘ಅಕ್ಕಾ, ನಿಮ್ಮ ವಯಸ್ಸಿನವರಿಗೂ ಒಂದು ಪಾಲಿಸಿ ಇದೆ’ ಅಂತ ಪ್ರಾಂಪ್ಟರ್ ಅಕ್ಕನ ಪಕ್ಕ ಕೂತ. ‘ನಾನು ಸತ್ತ ಮೇಲೆ ಬರೋ ದುಡ್ಡು ನನಗ್ಯಾಕಪ್ಪಾ?’ ಅಂದಳು ಅಕ್ಕ. ಐದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಬೋರ್ಡ್ ಬರೆಯುವವನು. ಅವನು ಓದುವಾಗ ಕಿಟಕಿಯ ಕಡೆ ನೋಡಲು ನನ್ನಿಂದ ಆಗಲಿಲ್ಲ. ಅಷ್ಟು ಚೆನ್ನಾಗಿ ಓದಿದ. ಮುಗಿಯಿತು. ಸಮಿತಿಯವರು ಚಪ್ಪಾಳೆ ತಟ್ಟಿ ಟೀ ಕುಡಿಯಲು ಎದ್ದು ಹೋದರು. ನಾನು ಪೆನ್ನು ಕೆಳಗಿಟ್ಟೆ.

ಅವನು ನಿಂತೇ ಇದ್ದ. ಸ್ಕ್ರಿಪ್ಟು ಕೆಳಗೆ ಬಿದ್ದಿತ್ತು. ಗುಂಡಿ ಬಿಚ್ಚಿದ, ಹಾಕಿದ, ಬಿಚ್ಚಿದ. ಅದು ಅವನ ಸ್ವಂತ ಅಂಗಿ, ಬಣ್ಣದ ಕಲೆ ಇದ್ದದ್ದು. ಒಂದು ನಿಮಿಷ, ಎರಡು ನಿಮಿಷ. ನಾನು ಕುರ್ಚಿಯಲ್ಲೇ ಇದ್ದೆ ಪುಟ್ಟೂ, ಏಳಲಿಲ್ಲ. ಏಕೆಂದರೆ ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ‘ಆಹಾ, ಇದನ್ನು ಕಡೆಯಲ್ಲಿ ಇಟ್ಟುಕೊಂಡರೆ’ ಅಂತ. ಈ ವಯಸ್ಸಿನಲ್ಲಿ, ನಿನ್ನ ಪತ್ರ ಜೇಬಿನಲ್ಲಿ ಇಟ್ಟುಕೊಂಡು. ಅಕ್ಕ ಎದ್ದು ಹೋಗಿ ಅವನ ಮುಂಗೈ ಹಿಡಿದುಕೊಂಡಳು. ‘ಏನಪ್ಪಾ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?’ ಅಂದಳು. ‘ಸೋಮವಾರದಿಂದ ಇಲ್ಲ’ ಅಂದ. ಅವತ್ತು ಶನಿವಾರ.

ಅಕ್ಕ ನನ್ನ ಕಡೆ ತಿರುಗಿದಳು. ‘ಅವತ್ತೂ ಆ ಮಾತು ನನ್ನ ಪುಸ್ತಕದಲ್ಲಿ ಇರ್ಲಿಲ್ಲ. ಬೆರಳಿಟ್ಟು ಹುಡುಕಿದೆ. ನೀವು ಬಂದು ಬರ್ಕೊಳ್ಳಿ ಅಂದ್ರಿ. ನಾನೂ ಬರ್ಕೊಂಡೆ, ಬಾಯಿ ಬಿಡ್ಲಿಲ್ಲ’ ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಈ ವಿಷಯ ಎತ್ತಿದ್ದು ಅದೇ ಮೊದಲು.

ಅವನ ಮನೆಯವರೆಗೆ ನಾನೇ ಹೋದೆ, ಬಸ್ಸಿನಲ್ಲಿ. ದಾರಿಯುದ್ದಕ್ಕೂ ಅವನು ಅಂಗಡಿಗಳ ಬೋರ್ಡುಗಳನ್ನು ಓದುತ್ತಿದ್ದ. ಇದು ನನ್ನದು, ಇದು ನನ್ನದಲ್ಲ, ಇದರಲ್ಲಿ ಒತ್ತಕ್ಷರ ತಪ್ಪಾಗಿದೆ. ಅವನ ಸ್ವಂತ ಅಕ್ಕ ಬಾಗಿಲು ತೆಗೆದಳು. ನಡೆದದ್ದನ್ನು ಹೇಳಿದೆ. ಅವಳಿಗೆ ಅದು ಹೊಸದಲ್ಲ ಅಂತ ನನಗೆ ಅನ್ನಿಸಿತು. ‘ಇವನು ಬೇಡ ಅಂದ್ರೂ ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಪಾತ್ರ ಮಾತ್ರ ಕೊಡಬೇಡಿ ಸಾರ್’ ಅಂದಳು. ಅವನು ನನ್ನನ್ನು ನೋಡಿದ ನೋಟದಲ್ಲಿ ದ್ವೇಷವಿತ್ತು. ಇರಲಿ.

ಪಾತ್ರ ವಿಮೆ ಏಜೆಂಟನಿಗೆ ಕೊಟ್ಟೆ. ಸಮಿತಿಯವರು ಮುಖ ತಿರುಗಿಸಿದ್ದಾರೆ.

ಇನ್ನು ಬರೆಯಲೇಬೇಕಾದದ್ದು. ಹೆಗಲು ಮುಟ್ಟಿ ನೋಡಿಕೊಂಡೆ ಅಂತ ಬರೆದೆಯಲ್ಲ, ಅದು ನಿಜ. ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಹಾಲ್‌ನೊಳಗೆ ನೀನು ಒಮ್ಮೆಯೂ ಅಣ್ಣ ಅಂದಿರಲಿಲ್ಲ. ಅವತ್ತು ಅಂದೆ. ಚಿಕ್ಕವನಿದ್ದಾಗ ಜ್ವರ ಬಂದರೆ ಅನ್ನುತ್ತಿದ್ದೆಯಲ್ಲ, ಅದೇ ದನಿ. ನನ್ನ ಕಾಲು ಒಂದು ಹೆಜ್ಜೆ ಮುಂದೆ ಬಂದಿತ್ತು ಪುಟ್ಟೂ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಜನರಿಗೆ ಕಾಣಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಕಾಲು ಹಿಂದೆ ಸರಿಯಿತು. ಮಾರನೇ ದಿನದಿಂದ ಅದು ಡೈಲಾಗು ಅಂತ ನನಗೆ ನಾನೇ ಹೇಳಿಕೊಂಡೆ. ಬರೆದಿಟ್ಟುಬಿಟ್ಟರೆ ಅದು ನಿಜವಾಗಿಯೂ ಡೈಲಾಗೇ ಆಗಿಬಿಡುತ್ತದೆ ನೋಡು.

ಆಸ್ಪತ್ರೆಗೆ ಒಂದು ಸಲ ಬಂದೆ. ಈಗಲೇ ನೋಡುವುದು ಬೇಡ ಅಂದರು. ಸದ್ಯ ಬದುಕಿದೆ ಅಂತ ಹಿಂದಿರುಗಿದೆ. ಮತ್ತೆ ಬರದಿರಲು ಅದನ್ನೇ ನೆಪ ಮಾಡಿಕೊಂಡೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಆ ಮಾತನ್ನು ಹೊಡೆದುಹಾಕಿದ್ದೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಗೊತ್ತು.

ಅಣ್ಣ


ಜುಲೈ 22

ಪುಟ್ಟೂ,

ನಿನ್ನಿಂದ ಉತ್ತರ ಬರಲಿಲ್ಲ. ಬರಲೇಬೇಕು ಅಂತ ಬರೆದದ್ದೂ ಅಲ್ಲ. ಆದರೂ ಟಪಾಲಿನವನ ಸೈಕಲ್ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತೇನೆ.

ನಾಟಕ ಕಳೆದ ವಾರ ಆಯಿತು. ಮೂರು ಪ್ರಯೋಗ, ಅರ್ಧ ಹಾಲ್. ವಿಮೆ ಏಜೆಂಟ್ ಎಲ್ಲವನ್ನೂ ಸರಿಯಾಗಿ ಮಾಡಿದ. ಆ ಮಾತು ಇದ್ದ ಜಾಗದಲ್ಲಿ ಗುಂಡಿ ಹಾಕಿ ಸುಮ್ಮನೆ ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ‘ಮುಖ್ಯವಾದ ಮಾತನ್ನೇ ನಿರ್ದೇಶಕರು ಮರೆತಿದ್ದಾರೆ, ವಯಸ್ಸಾಯಿತು’ ಅಂತ ಪತ್ರಿಕೆಯಲ್ಲಿ ಒಬ್ಬರು ಬರೆದರು. ನಾನು ಮೂರು ದಿನವೂ ಎಡಗಡೆ ವಿಂಗಿನಲ್ಲೇ ನಿಂತಿದ್ದೆ. ಏಜೆಂಟ್ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಅವನಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಮುಗಿದ ಮೇಲೆ ಮುಖ ತೊಳೆದು, ಹೆಂಡತಿಯ ಜೊತೆ ಸ್ಕೂಟರಿನಲ್ಲಿ ಹೋದ. ನಾನು ಮನೆಗೆ ಬಂದು ಬ್ರೆಡ್ಡು ತಿಂದು ಮಲಗಿದೆ. ಇಂಥ ಸಪ್ಪೆ ಪ್ರಯೋಗವಾದರೆ ಮೊದಲೆಲ್ಲ ಒಂದು ವಾರ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಈಗ ಮಾತಾಡಲು ಯಾರೂ ಇಲ್ಲ, ಹಾಗಾಗಿ ವ್ಯತ್ಯಾಸ ತಿಳಿಯಲಿಲ್ಲ.

ಕಾರ್ಡುಗಳ ಕಟ್ಟು ಇನ್ನೂ ಡಬ್ಬಿಯಲ್ಲೇ ಇದೆ. ನೀನು ಓದು ಅಂದರೆ ಓದುತ್ತೇನೆ.

ನಾನು ಅಲ್ಲಿಗೆ ಬರಲೇ? ಬೇಡ ಅಂದರೆ ಬರುವುದಿಲ್ಲ.

ಅಣ್ಣ


ಆಗಸ್ಟ್ 5

ಕಾರ್ಡುಗಳನ್ನು ಓದು. ಅದರಲ್ಲಿ ಗುಟ್ಟೇನೂ ಇಲ್ಲ. ಬರೀ ಹವಾಮಾನ, ಹಲ್ಲುನೋವು. ಪ್ರತಿಯೊಂದರ ಕೊನೆಯಲ್ಲೂ ನೀನು ಹೇಗಿದ್ದೀಯ ಅಂತ ಕೇಳಿದ್ದೇನೆ. ಅತ್ತಿಗೆ ಪ್ರತಿ ಸಲವೂ ‘ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು’ ಅಂತ ಬರೆಯುತ್ತಿದ್ದರು. ಎರಡನೆಯದು ಸುಳ್ಳು ಅಂತ ಗೊತ್ತಿದ್ದೂ ಓದಿಕೊಳ್ಳುತ್ತಿದ್ದೆ.

ಮೇ ತಿಂಗಳ ಪತ್ರಕ್ಕೆ ಉತ್ತರ ಬರೆಯಲು ಆಗಲಿಲ್ಲ. ನಿನಗೆ ಗೊತ್ತಿರಲಿಲ್ಲ ಅಂತಲೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಪಾಪ, ಅವನಿಗೆ ತಿಳಿಯಲಿಲ್ಲ ಅಂದುಕೊಂಡರೆ ರೋಲರಿನ ಮುಂದೆ ನಿಲ್ಲುವುದು ಸುಲಭ. ಗೊತ್ತಿತ್ತು ಅಂತ ನೀನು ಬರೆದ ಮೇಲೆ ಎರಡು ವಾರ ಕೆಲಸ ಕೆಟ್ಟಿತು, ಬಟ್ಟೆ ಸುಟ್ಟೆ. ಮಡಿಸುವಾಕೆ ಮೆಷಿನ್ ನಿಲ್ಲಿಸಿ ಈ ಕಡೆ ಬಂದು ನನ್ನ ಮುಖ ನೋಡಿಹೋದಳು. ಈಗ ಪರವಾಗಿಲ್ಲ. ನಿದ್ದೆ ಬರುತ್ತಿದೆ. ಆ ಒಂದು ಹೆಜ್ಜೆಯ ವಿಷಯ ಬರೆದೆಯಲ್ಲ, ಅದನ್ನು ಮಾತ್ರ ಆಗಾಗ ತೆಗೆದು ಓದುತ್ತೇನೆ. ಕ್ಷಮಿಸಿದೆಯಾ ಅಂತ ಕೇಳಬೇಡ. ನನಗೂ ಗೊತ್ತಿಲ್ಲ.

ನನ್ನನ್ನು ಕರೆದುಕೊಂಡು ಹೋಗಲು ಬರುವುದಾದರೆ ಬೇಡ. ಆ ಮಾತು ಹೇಳಿದವನಿಗೆ ಮೂವತ್ತೈದು ವರ್ಷ. ನನಗೆ ಐವತ್ತೇಳು, ಇಲ್ಲಿ ನನ್ನದೇ ಒಂದು ಕೋಣೆ ಇದೆ. ಕಿಟಕಿಯಿಂದ ಬಟ್ಟೆ ಒಣಹಾಕುವ ಬಯಲು ಕಾಣುತ್ತದೆ.

ನೋಡಲು ಬರುವುದಾದರೆ ಬಾ. ಭಾನುವಾರ ನನಗೆ ರಜೆ. ಒಂದೇ ಕುರ್ಚಿ ಇರುವುದು, ಮಡಿಸುವಾಕೆಯ ಹತ್ತಿರ ಇನ್ನೊಂದು ಕೇಳಿದ್ದೇನೆ. ನಿನ್ನ ಮಂಡಿಗೆ ತೊಂದರೆಯಿಲ್ಲ, ನನ್ನ ಕೋಣೆಗೆ ಮೆಟ್ಟಿಲಿಲ್ಲ. ಹತ್ತು ಗಂಟೆಗೆ ಗೇಟು ತೆಗೆಯುತ್ತಾರೆ. ಗೇಟಿನವನು ಹೊಸಬ, ಕಟ್ಟುನಿಟ್ಟು. ಯಾರನ್ನು ನೋಡಬೇಕು ಅಂತ ಕೇಳಿ, ಆಮೇಲೆ ‘ಅವರು ನಿಮಗೆ ಏನಾಗಬೇಕು?’ ಅನ್ನುತ್ತಾನೆ. ಪರಿಚಯದವರು ಅಂದರೆ ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಾನೆ. ‘ತಮ್ಮ’ ಅನ್ನು. ಒಳಗೆ ಬಿಡುತ್ತಾನೆ.

ಇತಿ,
ಇಸ್ತ್ರಿ ಮೆಷಿನ್ನಿನವನು